ಡಿಎಂ ಸೀಟಿನ ವಿಚಾರ: ಗೆಳೆಯನಿಗೊಂದು ಪತ್ರ

ಉಡುಪಿ

ಆತ್ಮೀಯ ಗೆಳೆಯನಿಗೆ ನಮಸ್ಕಾರ.

ಎಂಡಿ ಮುಗಿಸಿದ ಮಗಳು ಅದರ ಮೇಲಿನ ಡಿಎಂ ಪದವಿಗೆ ಹೃದ್ರೋಗ ಬಿಟ್ಟು, ವಂಶದಲ್ಲಿ ಬರುವ ಕಾಯಿಲೆಗಳನ್ನು ನೋಡುವ ವೈದ್ಯಕೀಯ ತಳಿವಿಜ್ಞಾನ ಓದುತ್ತೇನೆ ಎನ್ನುತ್ತಾಳೆ, ಗುಣವಾಗದ ಕಾಯಿಲೆಗಳ ಆ ವಿಭಾಗದಲ್ಲಿ ಕೊಡಲು ಮದ್ದಾದರೂ ಏನಿದೆ, ನೀನೇ ಬುದ್ಧಿ ಹೇಳು ಎಂದು ಬರೆದಿದ್ದೀಯೆ. ದಿನವಿಡೀ ಒಪಿಡಿಯಲ್ಲಿ ಕುಳಿತು ರೋಗಿಗಳ ವಂಶವೃಕ್ಷ ಬರೆಯುವ ನನ್ನನ್ನೇ ಕೇಳಿದ್ದು ನಿನ್ನ ತಪ್ಪು.

ಈ ಶಾಖೆಯನ್ನು ಕಟ್ಟಿದ ವಿಕ್ಟರ್ ಮೆಕ್ಯೂಸಿಕ್ ಕೂಡ ಮೊದಲಿಗೆ ಹೃದ್ರೋಗ ತಜ್ಞರೇ ಆಗಿದ್ದರು. 1921ರಲ್ಲಿ ಅಮೆರಿಕದ ಮೇನ್ ರಾಜ್ಯದ ಹೈನುಗಾರರ ಮನೆಯಲ್ಲಿ ಅವಳಿಯಾಗಿ ಹುಟ್ಟಿದವರು; ಅವಳಿ ಸಹೋದರ ಕಾನೂನು ಓದಿ ಆ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದರೆ, ಇವರನ್ನು ವೈದ್ಯಕೀಯದತ್ತ ತಿರುಗಿಸಿದ್ದು ಹದಿನೈದರ ವಯಸ್ಸಿನಲ್ಲಿ ಸೋಂಕು ತಗಲಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ ಅನುಭವ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಾರ್ಫನ್ ಸಿಂಡ್ರೋಮಿನ ರೋಗಿಗಳನ್ನು ನೋಡುತ್ತಾ, ಉದ್ದನೆಯ ಬೆರಳು, ಜಾಗ ತಪ್ಪಿದ ಕಣ್ಣಿನ ಮಸೂರ, ಹಿಗ್ಗಿದ ಮಹಾಪಧಮನಿ ಇವೆಲ್ಲಕ್ಕೂ ಬೇರು ಒಂದೇ, ಅದು ವಂಶದಲ್ಲಿ ಹರಿದು ಬರುತ್ತದೆ ಎಂಬುದು ಅವರ ಮನಸ್ಸಿಗೆ ನಾಟಿತು. 1957ರಲ್ಲಿ ಅಲ್ಲಿ ವೈದ್ಯಕೀಯ ತಳಿವಿಜ್ಞಾನದ ವಿಭಾಗ ತೆರೆದಾಗ, ನಿನ್ನ ಹಾಗೆಯೇ ಮರುಗಿದ ಸಹೋದ್ಯೋಗಿಗಳಿದ್ದರು. 1966ರಲ್ಲಿ ಅವರು ಅಚ್ಚು ಹಾಕಿಸಿದ ಆನುವಂಶಿಕ ಲಕ್ಷಣಗಳ ಪಟ್ಟಿಯಲ್ಲಿ ಸುಮಾರು 1500 ನಮೂದುಗಳಿದ್ದವು. ಗುಮಾಸ್ತನ ಕೆಲಸವೆನ್ನು, ಬೇಕಾದರೆ. 1987ರಿಂದ ಅದು ಕಂಪ್ಯೂಟರಿನಲ್ಲೇ ಸಿಗುತ್ತಿದೆ; ಅದನ್ನು ತೆರೆಯದೆ ನಮ್ಮ ಒಪಿಡಿಯ ಒಂದು ದಿನವೂ ಕಳೆಯುವುದಿಲ್ಲ.

ಅಮೆರಿಕದಲ್ಲಿ ತಮ್ಮಷ್ಟಕ್ಕೇ ಬದುಕುವ ಕ್ರೈಸ್ತ ಪಂಗಡವಾದ ಅಮಿಶ್ ಜನರು ತಮ್ಮ ವಂಶಾವಳಿಯನ್ನು ಜತನದಿಂದ ಬರೆದಿಟ್ಟವರು. ಆರು ಬೆರಳಿನ, ಗಿಡ್ಡ ದೇಹದ ಅವರ ಮಕ್ಕಳ ಹಿರೀಕರನ್ನು ಹುಡುಕುತ್ತಾ ಹೋದ ಮೆಕ್ಯೂಸಿಕ್, 1744ರಲ್ಲಿ ವಲಸೆ ಬಂದ ಒಂದೇ ದಂಪತಿಯವರೆಗೆ ತಲುಪಿದರು. ನಮ್ಮಲ್ಲಿ ಆ ಪುಸ್ತಕ ಅಜ್ಜಿಯಂದಿರ ಬಾಯಲ್ಲಿದೆ. ಮೊನ್ನೆ ಮೊಮ್ಮಗನನ್ನು ಕರೆತಂದ ಅಜ್ಜಿಯೊಬ್ಬರು ಹೇಳುತ್ತಾ ಹೋದಂತೆ ನಾನು ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಎಳೆಯುತ್ತಿದ್ದೆ. ಮಗ ಸೊಸೆಯ ನಡುವೆ ಜೋಡಿ ಗೆರೆ ಹಾಕಿದ್ದನ್ನು ಕಂಡು, ಅದೇಕೆಂದು ಕೇಳಿದರು. ಸಂಬಂಧದಲ್ಲಿ ಆದ ಮದುವೆಗೆ ಹಾಗೆ ಹಾಕುತ್ತೇವೆ ಎಂದೆ. "ಮಾವನ ಮಗಳಾದರೇನು, ಬರಿ ಬೇರೆಯಲ್ಲವೇ?" ಎಂದು ತುಸು ಸಿಟ್ಟಾದರು. ಬರಿ ಎಂದರೆ ನಮ್ಮ ತುಳುನಾಡಿನ ಕುಲದ ಹೆಸರು. ಅದು ತಾಯಿಯ ಕಡೆಯಿಂದ ಮಾತ್ರ ಎಣಿಕೆಯಾಗುತ್ತದೆ, ವಂಶವಾಹಿ ಎರಡೂ ಕಡೆಯಿಂದ ಬರುತ್ತದೆ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅಜ್ಜಿ ಹೊರಗೆ ಹೋದ ಮೇಲೆ ಸೊಸೆ ತಗ್ಗಿದ ದನಿಯಲ್ಲಿ, "ಬಸಿರಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಇಳಿದಿದ್ದೆ, ಅದಕ್ಕೇ ಹೀಗಾಯಿತೇ?" ಎಂದು ಕೇಳಿದಳು. ಅಲ್ಲ, ಕಾಯಿಲೆ ತರುವ ವಂಶವಾಹಿಯ ಒಂದು ಪ್ರತಿ ನಿನ್ನಿಂದ, ಇನ್ನೊಂದು ಅವನಿಂದ, ಇಬ್ಬರಿಗೂ ತಿಳಿಯದಂತೆ ಬಂದಿದೆ ಎಂದೆ. ಆರು ವರ್ಷದಿಂದ ಅವಳು ಆ ಅಂಗಳವನ್ನು ಹೊತ್ತುಕೊಂಡು ತಿರುಗಿದ್ದಳು.

ಮದ್ದಿನ ಮಾತಿಗೆ ಇದೇ ನನ್ನ ಉತ್ತರ. ಕೆಲವು ಕಾಯಿಲೆಗಳಿಗೆ ನಿಜವಾದ ಔಷಧವೂ ಬಂದಿದೆ, ಆ ಪಟ್ಟಿಯನ್ನು ನಿನ್ನ ಮಗಳೇ ಹೇಳಿಯಾಳು. ಮಣಿಪಾಲದಲ್ಲೇ ಈ ವಿಭಾಗವಿದೆ. ಸೀಟಿನ ನಿರ್ಧಾರಕ್ಕೆ ಮೊದಲು ಅವಳು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಲಿ. ಜೊತೆಗೆ ನೀನೂ ಬಾ.

ನಿನ್ನ ಗೆಳೆಯ