ನಮ್ಮ ತೆಪ್ಪಗಳನ್ನೂ ಲೆಕ್ಕಕ್ಕೆ ತಗೊಳ್ಳಿ: ಕೆರೆ ಮೀನುಗಾರರ ಮನವಿ

ಗೆ,
ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ಕೋಲಾರ ಜಿಲ್ಲೆ

ಇಂದ,
ಪಾಲಾರ್ ಸಾಲಿನ ಕೆರೆಯಲ್ಲಿ ಮೀನು ಹಿಡಿಯುವ ತೆಪ್ಪದವರು

ವಿಷಯ: ಚಂಡಮಾರುತದ ಮಳೆಗೆ ಮುಂಚೆಯೇ ತೆಪ್ಪ, ಬಲೆಗಳನ್ನು ಪಂಚಾಯಿತಿಯಲ್ಲಿ ದಾಖಲು ಮಾಡುವ ಬಗ್ಗೆ

ಮಾನ್ಯರೇ,

ನಮಗೂ ಸಮುದ್ರಕ್ಕೂ 200 ಕಿ.ಮೀ. ಆಸುಪಾಸು ದೂರ. ಆದರೂ ಬಂಗಾಳಕೊಲ್ಲಿಯ ಚಂಡಮಾರುತ ತಮಿಳುನಾಡಿನ ಉತ್ತರ ಕರಾವಳಿಗೆ ಬಡಿದರೆ ಅದರ ಮಳೆ ಕೋಲಾರಕ್ಕೂ ಬರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಹತ್ತಿರ ದಡ ಸೇರಿತು. ಆಮೇಲೆ ಇಲ್ಲಿ ಶಾಲೆಗೆ ರಜೆ ಕೊಟ್ಟಿದ್ದು ನಿಮಗೂ ನೆನಪಿರಬೇಕು. 2021ರ ನವೆಂಬರ್‌ನಲ್ಲಿ ಚೆನ್ನೈ ಹತ್ತಿರ ದಾಟಿದ್ದು ಬರೀ ವಾಯುಭಾರ ಕುಸಿತ, ಹೆಸರಿಡುವಷ್ಟೂ ದೊಡ್ಡದಲ್ಲ. ನಮಗೆ ಜಾಸ್ತಿ ಹೊಡೆತ ಕೊಟ್ಟಿದ್ದು ಅದೇ.

ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಬಾಗಿನ ಬಿಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಡ ಅನ್ನೋಕೆ ನಾವ್ಯಾರು? ಬರಗಾಲ ನೋಡಿದವರು ನಾವೂ ಅಲ್ವಾ. ಆದರೆ ಹರಾಜಿನ ದುಡ್ಡು ಕಟ್ಟಿ ಬಿಟ್ಟ ಕಾಟ್ಲಾ, ರೋಹು ಮರಿಗಳು ಅದೇ ಕೋಡಿ ಹಾರಿ ಹೋಗುತ್ತವೆ. ಕೆಳಗೆ ಸೊಳ್ಳೆಪರದೆ ಹಿಡಿದು ನಿಂತವರಿಗೆ ಅವತ್ತು ಸುಮ್ನೆ ಮೀನೂಟ. ಹಾಗಂತ ಕೋಡಿಗೆ ಜಾಲರಿ ಹಾಕಿಸಿ ಎಂದು ನಾವು ಕೇಳುತ್ತಿಲ್ಲ. ಕಸ, ಕೊಂಬೆ ಸಿಕ್ಕಿಕೊಂಡು ನೀರು ನಿಂತರೆ ಏರಿಗೇ ಅಪಾಯ.

ಕೇಳುವುದು ತೆಪ್ಪದ ವಿಷಯ. ಬಿದಿರು ಹೆಣೆದು, ಪ್ಲಾಸ್ಟಿಕ್ ಚೀಲ ಹೊಲಿದು, ಡಾಂಬರು ಬಳಿದ ತೆಪ್ಪ ಹಗುರ. ರಾತ್ರೋರಾತ್ರಿ ನೀರು ಏರಿದಾಗ ಕೆಲವು ಕೋಡಿಯಲ್ಲಿ ಕೊಚ್ಚಿಹೋದವು. ಕೆಲವು ಏರಿಯ ಕಲ್ಲಿಗೆ ಉಜ್ಜಿ ಹರಿದವು. ಮಳೆ ನಿಂತ ಮೇಲೂ ಕಷ್ಟ ಮುಗಿಯಲಿಲ್ಲ. ಕೆರೆ ಒಣಗಿದ್ದಾಗ ಬೆಳೆದ ಜಾಲಿ ಈಗ ನೀರಿನಡಿ ನಿಂತಿದೆ. ಬಲೆ ಬಿಟ್ಟರೆ ಅರ್ಧ ಮಾತ್ರ ಮೇಲೆ ಬರುತ್ತದೆ.

ನಷ್ಟ ಬರೆಯಲು ಬಂದವರು ಬಿದ್ದ ಗೋಡೆ ಬರೆದರು, ರಾಗಿ, ಟೊಮೆಟೊ ಬರೆದರು. ತೆಪ್ಪ ಎಂದಾಗ ನಕ್ಕರು. 'ಇತ್ತು ಅನ್ನೋದಕ್ಕೆ ಏನಿದೆ?' ಎಂದರು. ಕೊಚ್ಚಿಹೋದ ತೆಪ್ಪವನ್ನು ತೋರಿಸುವುದಾದರೂ ಎಲ್ಲಿಂದ?

2022–26ರ ಅವಧಿಯ ವಿಪತ್ತು ಪರಿಹಾರ ನಿಯಮದಲ್ಲಿ ಮೀನುಗಾರರಿಗೆ ಪೂರ್ತಿ ಹಾಳಾದ ದೋಣಿಗೆ 15,000 ರೂಪಾಯಿ, ರಿಪೇರಿಗೆ 6,000 ಎಂದಿದೆ. ಪೂರ್ತಿ ಹೋದ ಬಲೆಗೆ 4,000, ರಿಪೇರಿಗೆ 3,000. ಇದು ಸಮುದ್ರದವರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಬೋಟು, ಮರ ಕೊರೆದ ದೋಣಿ, ಕಟ್ಟುಮರ, ಬಲೆ ಎಂದು ಹೆಸರಿಸಿದ್ದಾರೆ, ತೆಪ್ಪದ ಹೆಸರಿಲ್ಲ. ಅದನ್ನೂ ದೋಣಿ ಎಂದೇ ಪರಿಗಣಿಸಬೇಕೆಂದು ಪಂಚಾಯಿತಿ ಒಂದು ನಿರ್ಣಯ ಮಾಡಿ ತಹಶೀಲ್ದಾರರಿಗೆ ಮತ್ತು ಮೀನುಗಾರಿಕೆ ಇಲಾಖೆಗೆ ಕಳಿಸಬೇಕು.

ಅದಕ್ಕೂ ಮುಂಚೆ, ಈ ಸೆಪ್ಟೆಂಬರ್ ಒಳಗೆ ಕೆರೆ ದಡಕ್ಕೆ ಒಬ್ಬರನ್ನು ಕಳಿಸಿ. ಪ್ರತಿ ತೆಪ್ಪಕ್ಕೆ ನಂಬರ್ ಬರೆಸಿ, ಮಾಲೀಕರ ಜೊತೆ ಫೋಟೋ ತೆಗೆದು, ಬಲೆ ಎಷ್ಟಿದೆ ಎಂದು ಪುಸ್ತಕದಲ್ಲಿ ಏರಿಸಿದರೆ ಸಾಕು. ಬಣ್ಣದ ಖರ್ಚು ನಮ್ಮದೇ. ಕೋಡಿಯಿಂದ ದೂರ, ಎತ್ತರದ ಕಡೆ ಜಾಲಿ ಕಡಿಸಿ ತೆಪ್ಪ ಎಳೆದಿಡಲು ಒಂದಿಷ್ಟು ಜಾಗವನ್ನೂ ಬಿಡಿಸಿಕೊಡಿ. ಕರಾವಳಿಯಲ್ಲಿ ನೀರಿಗೆ ಇಳಿಯಬೇಡಿ ಎಂದು ಮೊದಲೇ ಹೇಳುತ್ತಾರೆ. ಇಲ್ಲಿ ಕಸದ ಗಾಡಿಯ ಮೈಕಿನಲ್ಲಿ ಹಿಂದಿನ ದಿನ ಕೂಗಿಸಿದರೂ ನಾವು ತೆಪ್ಪ ಹೊತ್ತು ಮೇಲಿಡುತ್ತೇವೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಿ. ನಮ್ಮಲ್ಲಿ ಇಬ್ಬರು ಬಂದು ಮಾತಾಡಲು ಅವಕಾಶ ಕೊಡಿ ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತೆಪ್ಪದ ಮಾಲೀಕರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತಿನ ಹಾಳೆ ಲಗತ್ತಿಸಿದೆ)