ಡೆಕ್ಕಿನ ಕೆಲಸ ಎಲ್ಲಿಗೆ ಬಂತು ಅಂದ್ರಲ್ಲ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ ಗಾಳಿಯ ಸದ್ದಿಗೆ ಅರ್ಧ ಮಾತು ಹಾರಿಹೋಯಿತು. "ಅಂಗೈಯಗಲ ಜಾಗ ಮೆತ್ತಗಾಗಿದ್ರೆ ಮೇಲೊಂದು ತಗಡು ಬಡಿದು ಮುಗಿಸೋದಲ್ವಾ, ಡೆಕ್ಕನ್ನೇ ಯಾಕೆ ಕೊಯ್ತಾ ಕೂತಿದ್ದೀಯ?" ಅಂದಿರಿ. ಅದಕ್ಕೆ ಈ ಕಾಗದ.

ನಮ್ಮ ಹಾಯಿದೋಣಿಯ ಡೆಕ್, ಅಂದರೆ ನಾವು ಓಡಾಡುವ ಮೇಲಿನ ನೆಲ, ಮೂರು ಪದರದ್ದು. ಮೇಲೆ ಕೆಳಗೆ ತೆಳುವಾದ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ. ಬಾಲ್ಸಾ ಬಹಳ ಹಗುರ. ಹೆಚ್ಚಿನದು ಈಕ್ವೆಡಾರ್‌ನಿಂದ ಬರುತ್ತದೆ. ಎರಡೂ ಪದರಗಳಿಗೆ ಅಂಟಿಕೊಂಡು ಅವುಗಳ ನಡುವಿನ ಅಂತರ ಕಾಯುವುದು ಅದರ ಕೆಲಸ. ಡೆಕ್ಕಿನ ಗಡಸುತನವೆಲ್ಲ ಬರುವುದು ಆ ಅಂತರದಿಂದ. ಮರ ಕೊಳೆತು ಬಿಟ್ಟುಕೊಂಡರೆ ಉಳಿಯುವುದು ಬಳುಕುವ ಎರಡು ಹಾಳೆ ಅಷ್ಟೆ. ಅದರ ಮೇಲೆ ತಗಡು ಕೂರಿಸಲು ಹೋದರೆ ಹೊಸ ಸ್ಕ್ರೂಗಳು ಬೇಕು, ಒಂದೊಂದು ಸ್ಕ್ರೂ ನೀರಿಗೆ ಒಂದೊಂದು ಬಾಗಿಲು.

ನೀರು ಹೊಕ್ಕಿದ್ದೂ ಹೀಗೇ. ಅಂಚಿನಲ್ಲಿ ಹಗ್ಗದ ಬೇಲಿ ಹಿಡಿದಿರುವ ಸ್ಟೀಲ್ ಕಂಬಗಳಿವೆಯಲ್ಲ, ಅವುಗಳ ಬುಡದ ಬೋಲ್ಟು ತೂತುಗಳಿಂದ. ಯಾರಾದರೂ ಕಂಬ ಹಿಡಿದು ದೋಣಿ ಹತ್ತಿದಾಗಲೆಲ್ಲ ಬುಡ ಅಲುಗುತ್ತದೆ, ನೀರು ಇಳಿಯದಂತೆ ಸಂದಿಗೆ ತುಂಬಿದ ಸೀಲೆಂಟ್ ಬಿರುಕು ಬಿಡುತ್ತದೆ. ಎಷ್ಟು ದೂರ ಹೋಗಿದೆ ಅಂತ ತಿಳಿಯಲು ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು. ಗಟ್ಟಿ ಜಾಗದಲ್ಲಿ ಟಕ್ ಅನ್ನುತ್ತದೆ, ಟೊಳ್ಳಾದಲ್ಲಿ ದಬ್. ಗುರುತು ಹಾಕುತ್ತ ಹೋದೆ, ಅಂಗೈಯಗಲ ಅಂದುಕೊಂಡದ್ದು ಹಾಯಿಕಂಬದ ಕಡೆಗೆ ತೋಳುದ್ದ ಚಾಚಿತ್ತು. ಒದ್ದೆಯಾಗಿದ್ದೂ ಇನ್ನೂ ಬಿಡದ ಮರವನ್ನು ಈ ಸದ್ದು ಹಿಡಿದುಕೊಡುವುದಿಲ್ಲ. ಅದಕ್ಕೆ ಗೆರೆಯಾಚೆ ಸಣ್ಣ ಬಿಟ್‌ನಿಂದ ಕೊರೆದು ಪುಡಿ ನೋಡಿದೆ. ಬೆಳ್ಳಗೆ ಒಣಗಿದ ಪುಡಿ ಬರುವವರೆಗೂ ಗೆರೆ ಹೊರಗೆ ಸರಿಯುತ್ತಲೇ ಇತ್ತು.

ಗರಗಸದ ಆಳವನ್ನು ಮೇಲಿನ ಪದರದಷ್ಟಕ್ಕೇ ಕಟ್ಟಿ ಕೊಯ್ದದ್ದರಿಂದ ಆ ಪದರ ಒಂದೇ ತುಂಡಾಗಿ ಎದ್ದು ಬಂತು. ಎತ್ತಿಟ್ಟಿದ್ದೇನೆ, ಅದನ್ನೇ ವಾಪಸ್ ಅಂಟಿಸಬೇಕು. ಒಳಗಿನ ಬಾಲ್ಸಾ ಬೋಲ್ಟಿನ ಸುತ್ತ ನೆನೆದ ರಟ್ಟಿನ ಹಾಗಿತ್ತು, ಹಿಂಡಿದರೆ ಕಂದು ನೀರು. ಒಂದು ಗೇಣು ಆಚೆ ಹೋಗುವಷ್ಟರಲ್ಲಿ ಉಳಿಗೆ ಎದುರು ನಿಲ್ಲುವಷ್ಟು ಗಟ್ಟಿ. ಮರದ ಎಳೆಗಳನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿರುತ್ತಾರೆ, ಅಡ್ಡಕ್ಕೆ ನೀರು ನಿಧಾನವಾಗಿ ಹರಡಲಿ ಅಂತ. ನಿಧಾನವಾಗಿಯಾದರೂ ಹರಡಿಯೇ ಹರಡುತ್ತದೆ ಅನ್ನಿ.

ತೂತು ಕೊರೆದು ಅಂಟು ಸುರಿದರೆ ಆಗದೇ ಅಂತ ತಮ್ಮ ಕೇಳಿದ್ದ. ಆ ಅಂಟು, ಅಂದರೆ ಎಪಾಕ್ಸಿ, ಒದ್ದೆ ಮರದಿಂದ ನೀರನ್ನು ಹೊರದಬ್ಬುವುದಿಲ್ಲ; ಅದರ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ. ಹಾಗಾಗಿ ಕೆರೆದು ತೆಗೆದು, ಸಣ್ಣ ಹೀಟರ್ ಇಟ್ಟು ಒಣಗಿಸುವುದೇ ದೊಡ್ಡ ಕೆಲಸ. ರಾತ್ರಿ ಟಾರ್ಪಾಲು ಮುಚ್ಚುತ್ತೇನೆ. ಬೇಜಾರಿನ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಂಡ.

ಎಪಾಕ್ಸಿ ಬೇಗ ಕೂರಲಿ ಅಂತ ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ಜಾಸ್ತಿ ಸುರಿಯುವ ಹಾಗಿಲ್ಲ. ಡಬ್ಬಿಯ ಮೇಲಿನ ಅಳತೆ ಅಂದರೆ ಅಳತೆ. ಬೇಗ ಬೇಕಿದ್ದರೆ ಬೇರೆ ಹಾರ್ಡನರ್ ತರಬೇಕು. ಕಲಸಿದ್ದನ್ನು ಆಳವಾದ ಲೋಟದಲ್ಲಿ ಬಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ, ಆದ್ದರಿಂದ ಅಗಲವಾದ ತಟ್ಟೆಗೆ ಸುರಿದುಕೊಳ್ಳುತ್ತೇನೆ. ಕೆಳಪದರಕ್ಕೂ ಹೊಸ ಬಾಲ್ಸಾಕ್ಕೂ ಮೊದಲು ಬರಿ ಎಪಾಕ್ಸಿ ಬಳಿಯಬೇಕು, ಮರ ಕುಡಿಯುವಷ್ಟು ಕುಡಿಯಲಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ್ದನ್ನು ಹಚ್ಚಿ ಮರ ಕೂರಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ನೀರಿನ ಕ್ಯಾನುಗಳ ಭಾರ ಹೇರುವುದು. ಇಷ್ಟು ಮುಗಿದಿದೆ.

ಮೇಲಿನ ತುಂಡು ಅಂಟಿಸಿದ ಮೇಲೆ ಕೊಯ್ದ ಗೆರೆಯ ಎರಡೂ ಬದಿಯನ್ನು ಇಳಿಜಾರಾಗಿ ಉಜ್ಜಬೇಕು. ಪದರ 3 ಮಿಲಿಮೀಟರ್ ಇದ್ದರೆ ಇಳಿಜಾರು 36, ಹನ್ನೆರಡು ಪಟ್ಟು. ಗೆರೆಯ ಮೇಲೆ ಅಂಟಿಸುವ ಹೊಸ ಗಾಜಿನ ಬಟ್ಟೆಗೆ ಅಷ್ಟು ಅಗಲ ಸಿಕ್ಕರೇ ಹಿಡಿತ.

ಬೋಲ್ಟು ತೂತುಗಳ ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಎರಡು ಪದರಗಳ ನಡುವಿನ ಮರ ಮಾತ್ರ ಸುತ್ತಲೂ ಪುಡಿಯಾಗಿ ಬರುತ್ತದೆ. ಕೆಳಗೆ ಟೇಪ್ ಅಂಟಿಸಿ ಆ ಪೊಳ್ಳನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ಅದು ಕೂತ ಮೇಲೆ ನಡುವೆ ಹೊಸದಾಗಿ ಕೊರೆಯುವುದು. ನಾಳೆ ಸೀಲೆಂಟ್ ಸೋತರೂ ನೀರಿಗೆ ಸಿಗುವುದು ಎಪಾಕ್ಸಿ ಗೋಡೆ, ಮರ ಸಿಗುವುದಿಲ್ಲ. ಕಟ್ಟಿದವರು ಮೊದಲೇ ಇಷ್ಟು ಮಾಡಿದ್ದರೆ ನಾನೀಗ ಮೊಣಕಾಲೂರಿ ಕೂರಬೇಕಿರಲಿಲ್ಲ.

ಅಮ್ಮನಿಗೆ ಹೇಳಿ, ಉಜ್ಜುವಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಎಲ್ಲ ಹಾಕಿಕೊಳ್ಳುತ್ತೇನೆ. ಗಾಜಿನ ಧೂಳು ಮೈಗೆ ತಗುಲಿದರೆ ತುರಿಕೆ ನಿಜ, ತಣ್ಣೀರಿನಲ್ಲಿ ತೊಳೆದರೆ ಹೋಗುತ್ತದೆ. ಬಿಸಿಲಿಗೆ ಎಪಾಕ್ಸಿ ತಡೆಯುವುದಿಲ್ಲವಾದ್ದರಿಂದ ಕೊನೆಗೆ ಜಾರದಂಥ ಪೇಂಟ್ ಹೊಡೆಯಬೇಕು. ತಿಳಿಬೂದು ಬಣ್ಣವೋ ಕೆನೆ ಬಣ್ಣವೋ, ತಮ್ಮನನ್ನು ಕೇಳಿ ತಿಳಿಸಿ. ಕಡುಬಣ್ಣ ಬೇಡ, ಕಾಲು ಸುಡುತ್ತದೆ.

ಇಂತಿ,
ನಿಮ್ಮ ಪ್ರೀತಿಯ ಮಗಳು