ರಾತ್ರಿ ಕುಸಿಯುವ ಹಳೇ ಬೆಂಜ್

ಮಾನ್ಯ ಸಂಪಾದಕರೇ,

ಹಳೇ ಐಷಾರಾಮಿ ಕಾರು ಈಗ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಕೊಳ್ಳುವವರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ನನ್ನ ಅನುಭವ ಬರೆಯುತ್ತಿದ್ದೇನೆ. ನನ್ನದು 2003ರ ಮರ್ಸಿಡಿಸ್ ಎಸ್‌ಎಲ್ 500. ಅದರಲ್ಲಿ ಎಬಿಸಿ (ಆಕ್ಟಿವ್ ಬಾಡಿ ಕಂಟ್ರೋಲ್) ಸಸ್ಪೆನ್ಷನ್ ಇದೆ, ಅಂದರೆ ಕಾರಿನ ಎತ್ತರ, ಓಲಾಟವನ್ನು ತಾನೇ ಸರಿಪಡಿಸುವ ವ್ಯವಸ್ಥೆ. ಗಾಳಿಯಲ್ಲ, ಸುಮಾರು 200 ಬಾರ್ ಒತ್ತಡದ ಎಣ್ಣೆ ಕಾರನ್ನು ಎತ್ತಿ ಹಿಡಿಯುತ್ತದೆ.

ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹಿಂದಿನ ಒಂದು ಮೂಲೆ ನೆಲಕ್ಕೆ ಕುಸಿದಿರುತ್ತಿತ್ತು. ಗ್ಯಾರೇಜಿನವರು ನೋಡಿದ ಕೂಡಲೇ ಸ್ಟ್ರಟ್ (ಚಕ್ರದ ಮೇಲೆ ಕಾರನ್ನು ಹೊರುವ ಕಂಬ) ಬದಲಿಸಿ ಅಂದರು, ಬದಲಿಸಿದೆ, ದುಡ್ಡು ಹೋಯಿತು, ಕಾರು ಮಾತ್ರ ಮತ್ತೆ ಕುಸಿಯಿತು. ನೆಲದ ಮೇಲೆ ಒಂದು ಹನಿ ಎಣ್ಣೆಯೂ ಇರಲಿಲ್ಲ, ಅದನ್ನೇ ಮೊದಲು ಗಮನಿಸಬೇಕಿತ್ತು ಅಲ್ವಾ? ಹೊರಗೆ ಸೋರದೆ ಕಾರು ಇಳಿದರೆ ವಾಲ್ವ್ ಬ್ಲಾಕ್ (ಸ್ಟ್ರಟ್‌ಗೆ ಎಣ್ಣೆ ಬಿಡುವ, ತಡೆಯುವ ಭಾಗ) ಒಳಗಿನ ರಬ್ಬರ್ ರಿಂಗ್ ಸವೆದು ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುತ್ತಿರುತ್ತದೆ ಅಂತಲೇ ಮೊದಲು ಅನುಮಾನಿಸಬೇಕು. ಬ್ಲಾಕ್ ಬಿಚ್ಚಿ, ತೊಳೆದು, ರಿಂಗ್ ಹಾಕಿಸಿದ ಮೇಲೆ ಸರಿಹೋಯಿತು.

ಸಣ್ಣ ಗುಂಡಿಗೂ ಕಾರು ಗಡುಸಾಗಿ ಕುಲುಕಿದರೆ ಎಣ್ಣೆಯ ಒತ್ತಡದ ಏರಿಳಿತ ತಡೆಯುವ, ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ನೋಡಿಸಿ. ಅದನ್ನು ಹಾಗೇ ಬಿಟ್ಟರೆ ಪೈಪುಗಳಿಗೆ ಏಟು ಬೀಳುತ್ತದೆ. ಎಣ್ಣೆ ಹಸಿರು ಬಣ್ಣದ ಪೆಂಟೋಸಿನ್ ಸಿಎಚ್‌ಎಫ್ 11ಎಸ್ ಮಾತ್ರ. ಕೈಗೆ ಸಿಕ್ಕ ಸ್ಟೀರಿಂಗ್ ಎಣ್ಣೆ ಸುರಿಯಬೇಡಿ. ಕೆಂಪು ಎಚ್ಚರಿಕೆ ಬಂದರೆ ಓಡಿಸಲೇಬೇಡಿ. ಸ್ಟ್ಯಾಂಡ್ ಇಡದೆ ಕೆಳಗೆ ತೂರಬೇಡಿ, ಕಾರು ಯಾವಾಗ ಬೇಕಾದರೂ ಇಳಿಯಬಹುದು.

ಗ್ಯಾರೇಜಿನವರಲ್ಲೂ ಒಂದು ವಿನಂತಿ. ಸ್ಕ್ಯಾನರ್ ಹಾಕಿ ಒತ್ತಡ ಎಷ್ಟಿದೆ ನೋಡಿ, ಆಮೇಲೆ ಬಿಡಿಭಾಗದ ಬೆಲೆ ಹೇಳಿ.

– ಓರ್ವ ಓದುಗ, ಬೆಂಗಳೂರು